ಕಡಲಿನೊಳಗೆ ಅರ್ಧ ಗಂಟೆ

ಹೊಳೆಯ ಮಡುವಿನಲ್ಲಾಗಲಿ ತೋಟದ ಬಾವಿಯಲ್ಲಾಗಲಿ ಈಜು ಕಲಿತ ವಾಚಕರಿಗೆ ಒಂದು ಪಂದ್ಯದ ನೆನಪು ಇರದೆ ಹೋಗದು. ಬೆನ್ನಿಗೆ ಕಟ್ಟಿದ ಸೋರೆಬುರುಡೆಯನ್ನು ಬಿಚ್ಚಿದ ಮೇಲೂ, ಈಜುಗಾರನೆನ್ನಿಸಿಕೊಳ್ಳಲು ಹುಡುಗನಿಗೆ ಇನ್ನೊಂದು ಪರೀಕ್ಷೆ ಉಳಿದಿರುತ್ತಿತ್ತು. ಎದೆ ತುಂಬ ಗಾಳಿಯನ್ನೆಳೆದುಕೊಂಡು, ಉಸಿರು ಕಟ್ಟಿ, ತಳದವರೆಗೆ ಮುಳುಗಿ, ಒಂದು ಹಿಡಿ ಮರಳನ್ನು ತಂದು ದಡದವರಿಗೆ ತೋರಿಸಬೇಕು. ಯಾರು ಹೆಚ್ಚು ಹೊತ್ತು ಉಸಿರನ್ನು ಬಿಗಿಹಿಡಿಯುವರೋ ಅವರೇ ಗೆದ್ದವರು. ಈ ವಿದ್ಯೆಯನ್ನು ನಾವು ತುಂಗಾನದಿಯ ಒಂದು ಮಡುವಿನಲ್ಲಿ ಕಲಿತೆವು. ನಮ್ಮ ಬಾಲ್ಯಮಿತ್ರರೊಬ್ಬರು ದಡದ ಬಂಡೆಯ ಮೇಲೆ ಕುಳಿತು ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಎಣಿಸುತ್ತಿದ್ದರು. ಅವರಿಗೆ ಚಿಕ್ಕಂದಿನಿಂದಲೂ ಉಬ್ಬಸದ ಬಾಧೆ. ಆದುದರಿಂದ ಎಣಿಸುವ ಕೆಲಸ ಸದಾ ಅವರದೇ ಆಗಿತ್ತು.

ಇದಾಗಿ ನಲವತ್ತು ವರ್ಷಗಳ ಮೇಲೆ, 2023ರ ಫೆಬ್ರವರಿ ತಿಂಗಳಲ್ಲಿ, ನಾವಿಬ್ಬರೂ ಕೂಡಿ ಅಂಡಮಾನ್ ದ್ವೀಪಗಳಿಗೆ ಹೋಗುವ ಸಂದರ್ಭ ಒದಗಿತು. ಕಡಲಿನೊಳಗೆ ಮುಳುಗಿ, ಅಲ್ಲಿಯೇ ಉಸಿರಾಡುತ್ತ, ಹವಳದ ದಿಬ್ಬಗಳ ನಡುವೆ ಸಂಚರಿಸಿ ಬರಬೇಕೆಂಬುದು ಪ್ರವಾಸದ ಉದ್ದೇಶ. ಈ ಹಂಬಲವು ನಮಗಿಂತ ಹೆಚ್ಚಾಗಿ ನಮ್ಮ ಮಿತ್ರರದಾಗಿತ್ತು. ಹವಳದ ವಿಷಯವಾಗಿ ದೊರೆತ ಪುಸ್ತಕಗಳನ್ನೆಲ್ಲ ಅವರು ಓದಿದ್ದರು. ನಾವು ಅವರ ಜೊತೆಗೆ ಹೊರಟವರು ಮಾತ್ರ. ಅಲ್ಲಿ ನಮಗೆ ದೊರೆತ ಮೊದಲನೆಯ ಪಾಠವು ತುಂಗೆಯಲ್ಲಿ ಕಲಿತ ಪಾಠಕ್ಕೆ ನೇರ ವಿರುದ್ಧವಾಗಿತ್ತು. ಏನೇ ಆಗಲಿ, ನೀರಿನೊಳಗೆ ಉಸಿರು ಕಟ್ಟಬಾರದು! ಇಷ್ಟು ಚಿಕ್ಕ ನಿಯಮದ ಹಿಂದೆ ಎಷ್ಟು ವಿಜ್ಞಾನ ಅಡಗಿದೆಯೆಂಬುದನ್ನೂ, ಅದನ್ನು ಅರಿಯುವ ಮೊದಲು ನಾವು ಎಂತಹ ತಪ್ಪು ಮಾಡುವುದರಲ್ಲಿದ್ದೆವೆಂಬುದನ್ನೂ ಇಲ್ಲಿ ತಿಳಿಸುತ್ತೇವೆ.

ದ್ವೀಪದಲ್ಲಿ ಒಂದು ಪ್ರಶ್ನಾವಳಿ

ಅಂಡಮಾನಿನ ಮುಖ್ಯ ಪಟ್ಟಣವನ್ನು ನಾವು ಹೋದಾಗ ಪೋರ್ಟ್ ಬ್ಲೇರ್ ಎಂದೇ ಕರೆಯುತ್ತಿದ್ದರು. 2024ರ ಸೆಪ್ಟೆಂಬರಿನಲ್ಲಿ ಅದಕ್ಕೆ ಶ್ರೀ ವಿಜಯಪುರಂ ಎಂಬ ಹೆಸರಾಯಿತು. ಅಲ್ಲಿಂದ ಈಶಾನ್ಯಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ ಸ್ವರಾಜ್ ದ್ವೀಪವಿದೆ. 2018ರ ಡಿಸೆಂಬರಿನವರೆಗೆ ಇದರ ಹೆಸರು ಹ್ಯಾವ್‌ಲಾಕ್ ಎಂದಿತ್ತು. ಹಡಗಿನಿಂದಿಳಿದು ಊರುಗಳ ಹೆಸರನ್ನು ವಿಚಾರಿಸಿದರೆ ಗೋವಿಂದನಗರ, ವಿಜಯನಗರ, ಶ್ಯಾಮನಗರ, ಕೃಷ್ಣನಗರ, ರಾಧಾನಗರ ಎನ್ನುತ್ತಾರೆ. ಬೆಂಗಳೂರಿನ ಬಡಾವಣೆಗಳಲ್ಲಿಯೇ ಇದ್ದೇವೋ ಎಂಬ ಭ್ರಮೆಯಾಗುತ್ತದೆ. ದೇಶ ವಿಭಾಗವಾದ ಮೇಲೆ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರು ಇಲ್ಲಿ ನೆಲೆಸಿದರು. ಅಡಕೆ ತೆಂಗುಗಳ ತೋಟ, ಗದ್ದೆ, ಅವುಗಳ ಅಂಚಿಗೇ ಬಿಳಿಯ ಮರಳು, ಅದರಾಚೆ ಹಸುರು ನೀಲಿಗಳ ಸಮುದ್ರ. ನೀರು ಎಷ್ಟು ತಿಳಿಯೆಂದರೆ, ದೋಣಿಯ ನೆರಳು ತಳದ ಮರಳಿನ ಮೇಲೆ ಬಿದ್ದುದು ಕಾಣುತ್ತಿತ್ತು.

ಮುಳುಗು ಶಾಲೆಯವರು ಮೊದಲು ನಮ್ಮ ಕೈಗೆ ಕೊಟ್ಟದ್ದು ಯಾವ ಯಂತ್ರವನ್ನೂ ಅಲ್ಲ, ಒಂದು ಹಾಳೆ ಕಾಗದವನ್ನು. ಹೃದ್ರೋಗವುಂಟೆ? ಮೂರ್ಛೆರೋಗವುಂಟೆ? ಕಿವಿಯ ಬೇನೆಯುಂಟೆ? ಈಗ ನೆಗಡಿಯಾಗಿದೆಯೆ? ಉಬ್ಬಸ ಬಂದದ್ದುಂಟೆ? ಪ್ರತಿಯೊಂದರ ಮುಂದೆಯೂ ಹೌದು ಅಥವಾ ಇಲ್ಲ ಎಂದು ಬರೆದು ಸಹಿ ಮಾಡಬೇಕು. ನಾವು ಎಲ್ಲದಕ್ಕೂ ‘ಇಲ್ಲ’ವೆಂದು ಬರೆದು ಮುಗಿಸಿದೆವು. ನಮ್ಮ ಮಿತ್ರರ ಲೇಖನಿ ಮಾತ್ರ ಒಂದು ಸಾಲಿನ ಬಳಿ ನಿಂತಿತ್ತು.

ಅವರ ಕಿವಿಯ ಬಳಿ ನಾವು ಮೆಲ್ಲನೆ, “ಇಲ್ಲ ಎಂದು ಬರೆದುಬಿಡು. ಅರ್ಧ ಗಂಟೆಯ ಮಾತು. ಯಾರಿಗೆ ತಿಳಿಯುತ್ತದೆ?” ಎಂದೆವು.

ಅವರು ನಕ್ಕು, “ನಾನು ಬರೆದದ್ದನ್ನು ಓದಿಕೊಳ್ಳಲು ಉಬ್ಬಸಕ್ಕೆ ಅಕ್ಷರ ಬರುವುದಿಲ್ಲವಲ್ಲ, ಮಾರಾಯ!” ಎಂದು ಹೇಳಿ, ‘ಹೌದು’ ಎಂದು ಬರೆದರು. ಹಿಂದಿನ ತಿಂಗಳಲ್ಲಿಯೇ ಒಮ್ಮೆ ಬಾಧೆ ಬಂದಿದ್ದುದನ್ನೂ ಕೆಳಗೆ ಸೇರಿಸಿದರು.

ಶಿಕ್ಷಕನು ಅಲ್ಲಿಯೇ ಹುಟ್ಟಿ ಬೆಳೆದ ಬಂಗಾಳಿ ತರುಣ. ಕಾಗದವನ್ನು ಎರಡು ಸಲ ಓದಿ ಹಿಂದಿಯಲ್ಲಿ ಬಹಳ ವಿನಯದಿಂದ, “ಕ್ಷಮಿಸಿ ಸಾರ್. ವೈದ್ಯರು ಪರೀಕ್ಷಿಸಿ ಬರೆದುಕೊಡದೆ ನಿಮ್ಮನ್ನು ಇಳಿಸಲಾರೆ. ಹೋದ ತಿಂಗಳು ಉಸಿರು ಕಟ್ಟಿದ್ದರೆ ಅವರೂ ಬರೆದುಕೊಡಲಾರರು” ಎಂದನು. ಮಿತ್ರರು ತಲೆಯಾಡಿಸಿ, ಕೈಗಡಿಯಾರವನ್ನು ಸರಿಪಡಿಸಿಕೊಂಡು, ಒಂದು ತೆಂಗಿನ ಮರದ ಬುಡಕ್ಕೆ ಹೋಗಿ ಕುಳಿತರು. ಇಷ್ಟು ದೂರ ಕರೆತಂದು ಒಂದು ಕಾಗದದ ನೆಪದಿಂದ ದಡದಲ್ಲಿ ಕೂರಿಸಿದರಲ್ಲಾ ಎಂದು ನಮಗೆ ಸಿಟ್ಟು ಬಂದಿತು. ಆ ಸಿಟ್ಟು ಎಷ್ಟು ಅಜ್ಞಾನದ್ದೆಂಬುದು ನಮಗೆ ತಿಳಿದದ್ದು ಒಂದು ಗಂಟೆಯ ಅನಂತರ.

ಉಸಿರು ಕೊಡುವ ಯಂತ್ರ

ವೈಶಂಪಾಯನ ಸರೋವರದಲ್ಲಿ ಅಡಗಿದ ಕೌರವನಿಗೆ ಜಲಸ್ತಂಭ ವಿದ್ಯೆ ತಿಳಿದಿತ್ತೆಂದು ಭಾರತದ ಕಥೆ ಹೇಳುತ್ತದೆ. ಮಂತ್ರವನ್ನರಿಯದವರು ಯಂತ್ರವನ್ನು ನಂಬಬೇಕು. ಒಂದು ಉದ್ದನೆಯ ಕೊಳವೆಯ ತುದಿಯನ್ನು ನೀರಿನ ಮೇಲಿರಿಸಿ, ಇನ್ನೊಂದು ತುದಿಯನ್ನು ಬಾಯಲ್ಲಿಟ್ಟುಕೊಂಡು ಎಷ್ಟು ಆಳಕ್ಕೆ ಬೇಕಾದರೂ ಹೋಗಬಹುದಲ್ಲವೆ ಎಂದು ಕೆಲವರಿಗೆ ತೋರಬಹುದು. ಅದು ಸಾಧ್ಯವಿಲ್ಲ. ಒಂದು ಮೀಟರು ಆಳದಲ್ಲಿಯೇ ನೀರು ದೇಹದ ಪ್ರತಿಯೊಂದು ಚದರ ಸೆಂಟಿಮೀಟರಿನ ಮೇಲೂ 100 ಗ್ರಾಮಿನಷ್ಟು ಭಾರವನ್ನು ಹೇರುತ್ತದೆ. ಎದೆಯ ಮುಂಭಾಗವು 600 ಚದರ ಸೆಂಟಿಮೀಟರ್ ಎಂದಿಟ್ಟುಕೊಂಡರೂ, ಒಟ್ಟು ಭಾರ 60 ಕಿಲೋಗ್ರಾಂ ಆಗುತ್ತದೆ. ಎದೆಯ ಮೇಲೊಬ್ಬ ಮನುಷ್ಯನನ್ನು ಕುಳ್ಳಿರಿಸಿಕೊಂಡು ಉಸಿರೆಳೆದಂತೆ! ಕೊಳವೆಯ ಮೂಲಕ ಬರುವ ಗಾಳಿಯಾದರೋ ಮೇಲಿನ ಹಗುರವಾದ ಗಾಳಿ. ಅದು ಈ ಭಾರವನ್ನು ಎತ್ತಲು ನೆರವಾಗದು.

ಆದುದರಿಂದ ಮುಳುಗುವವನಿಗೆ, ಅವನು ಯಾವ ಆಳದಲ್ಲಿರುವನೋ ಆ ಆಳದ ನೀರಿನಷ್ಟೇ ಒತ್ತಡವುಳ್ಳ ಗಾಳಿಯನ್ನು ಒದಗಿಸಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ತಾಮ್ರದ ಶಿರಸ್ತ್ರಾಣ ತೊಟ್ಟು ಇಳಿಯುತ್ತಿದ್ದವರಿಗೆ ದೋಣಿಯ ಮೇಲಿನ ಪಂಪಿನಿಂದ ಗಾಳಿಯನ್ನು ಒತ್ತಿ ಕಳುಹಿಸುತ್ತಿದ್ದರು. ಆದರೆ ಅವರು ಗೂಟಕ್ಕೆ ಕಟ್ಟಿದ ಹಸುವಿನಂತೆ. ಕೊಳವೆಯ ಉದ್ದಕ್ಕಿಂತ ಆಚೆಗೆ ಹೋಗುವಂತಿರಲಿಲ್ಲ.

ಈ ಬಂಧನವನ್ನು ಬಿಡಿಸಿದ ಕೀರ್ತಿ 1943ರಲ್ಲಿ ಫ್ರಾನ್ಸಿನ ಇಬ್ಬರಿಗೆ ಸಂದಿತು. ಒಬ್ಬನು ನೌಕಾದಳದ ಅಧಿಕಾರಿ ಝಾಕ್ ಈವ್ ಕೂಸ್ತೋ; ಇನ್ನೊಬ್ಬನು ಎಮಿಲ್ ಗಾನ್ಯಾ ಎಂಬ ಇಂಜಿನಿಯರು. ಅದು ಯುದ್ಧಕಾಲ, ಪೆಟ್ರೋಲು ಸಿಗುತ್ತಿರಲಿಲ್ಲ. ನಮ್ಮ ಕಡೆಯಲ್ಲಿಯೂ ಆಗ ಇದ್ದಿಲಿನ ಗ್ಯಾಸಿನಿಂದ ಬಸ್ಸುಗಳು ಓಡುತ್ತಿದ್ದುದನ್ನು ಹಿರಿಯರು ಹೇಳುವುದುಂಟು. ಮೋಟಾರಿನ ಇಂಜಿನಿಗೆ ಬೇಕಾದಾಗ ಬೇಕಾದಷ್ಟೇ ಗ್ಯಾಸನ್ನು ಬಿಡುವ ಒಂದು ಕವಾಟವನ್ನು ಗಾನ್ಯಾ ಮಾಡಿದ್ದನು. ಇಂಜಿನಿನ ಬದಲು ಮನುಷ್ಯನ ಶ್ವಾಸಕೋಶವು ಎಳೆದರೆ ಆಗದೆ? ಇಬ್ಬರೂ ಆ ಕವಾಟವನ್ನು ಮಾರ್ಪಡಿಸಿದರು. ಮಾರ್ನ್ ನದಿಯಲ್ಲಿ ಕೂಸ್ತೋ ಅದನ್ನು ಪರೀಕ್ಷಿಸಿದಾಗ, ಅಡ್ಡಲಾಗಿ ಮಲಗಿ ಈಜಿದರೆ ಅದು ಚೆನ್ನಾಗಿ ನಡೆಯಿತು. ನೆಟ್ಟಗೆ ನಿಂತರೆ ಗಾಳಿ ಸುಮ್ಮನೆ ಸೋರಿ ಹೋಯಿತು. ಉಸಿರು ಹೊರಹೋಗುವ ದ್ವಾರವನ್ನು ಕವಾಟದ ಮಟ್ಟದಲ್ಲಿಯೇ ಇರಿಸಿದಾಗ ಈ ದೋಷ ನಿವಾರಣೆಯಾಯಿತು. ಸ್ಕೂಬಾ ಎಂಬ ಹೆಸರು ಆಮೇಲೆ ಬಂದದ್ದು. ನೀರಿನೊಳಗೆ ಉಸಿರಾಡಲು ಬೇಕಾದುದೆಲ್ಲವನ್ನೂ ತನ್ನಲ್ಲಿಯೇ ಹೊಂದಿರುವ ಉಪಕರಣವೆಂಬ ಅರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಜೋಡಿಸಿ ಅದನ್ನು ಮಾಡಿದ್ದಾರೆ.

ನಮ್ಮ ಬೆನ್ನಿಗೆ ಕಟ್ಟಿದ ಸಿಲಿಂಡರಿನ ಒಳಗೆ 11 ಲೀಟರ್ ಜಾಗವಿತ್ತು. ಅದರಲ್ಲಿ ಹೊರಗಿನ ಗಾಳಿಯ 200 ಪಟ್ಟು ಒತ್ತಡದಲ್ಲಿ ಸುಮಾರು 2200 ಲೀಟರ್ ಗಾಳಿಯನ್ನು ತುಂಬಿದ್ದರು. ಮನೆಯ ಒಂದು ಚಿಕ್ಕ ದೇವರ ಕೋಣೆಯಲ್ಲಿರುವ ಗಾಳಿಯನ್ನೆಲ್ಲ ಒಂದು ಬಿಂದಿಗೆಗೆ ತುರುಕಿದಂತೆ. ಗಾಳಿಗೆ ತೂಕವಿಲ್ಲವೆನ್ನುವವರಿಗೆ ಹೇಳಬೇಕಾದ ಮಾತೆಂದರೆ, ಈ ಗಾಳಿಯೊಂದೇ ಎರಡೂವರೆ ಕಿಲೋಗ್ರಾಮಿಗೂ ಹೆಚ್ಚು ತೂಗುತ್ತದೆ. ಅನೇಕರು ತಿಳಿದಿರುವಂತೆ ಇದು ಶುದ್ಧ ಆಮ್ಲಜನಕವಲ್ಲ. ನಾವೆಲ್ಲರೂ ಸೇವಿಸುವ ಸಾಮಾನ್ಯ ವಾಯುವೇ. ಶುದ್ಧ ಆಮ್ಲಜನಕವು ಆರು ಮೀಟರಿಗಿಂತ ಆಳದ ಒತ್ತಡದಲ್ಲಿ ನರಮಂಡಲಕ್ಕೆ ವಿಷವಾಗಿ ಪರಿಣಮಿಸಬಲ್ಲದು.

ಸಿಲಿಂಡರಿನ ಕತ್ತಿನಲ್ಲಿರುವ ಮೊದಲನೆಯ ಕವಾಟವು ಈ ಪ್ರಚಂಡ ಒತ್ತಡವನ್ನು ಬಹುವಾಗಿ ತಗ್ಗಿಸುತ್ತದೆ. ಬಾಯಲ್ಲಿ ಕಚ್ಚಿಕೊಳ್ಳುವ ಎರಡನೆಯ ಕವಾಟದಲ್ಲಿ ಒಂದು ತೆಳುವಾದ ರಬ್ಬರಿನ ಪರದೆಯಿದೆ. ಅದರ ಹೊರಮೈಗೆ ಸಮುದ್ರ, ಒಳಮೈಗೆ ನಮ್ಮ ಬಾಯಿ. ನಾವು ಉಸಿರೆಳೆದಾಗ ಪರದೆಯು ಒಳಕ್ಕೆ ಬಾಗಿ ಒಂದು ಸನ್ನೆಯನ್ನು ಒತ್ತುತ್ತದೆ. ಕವಾಟ ತೆರೆದು ಗಾಳಿ ಬರುತ್ತದೆ. ಒಳಗಿನ ಒತ್ತಡವು ಹೊರಗಿನ ನೀರಿನ ಒತ್ತಡಕ್ಕೆ ಸಮನಾದೊಡನೆ ಪರದೆ ಹಿಂದಕ್ಕೆ ಸರಿದು ಕವಾಟ ಮುಚ್ಚುತ್ತದೆ. ಎಷ್ಟು ಆಳಕ್ಕೆ ಹೋದರೂ ಅಲ್ಲಿಗೆ ತಕ್ಕ ಒತ್ತಡದ ಗಾಳಿಯನ್ನು ಹೀಗೆ ಸಮುದ್ರವೇ ಅಳೆದು ಕೊಡುತ್ತದೆ. ಬಿಟ್ಟ ಉಸಿರು ಗುಳ್ಳೆಗಳಾಗಿ ಮೇಲಕ್ಕೆ ಹೋಗುತ್ತದೆ.

ಏಕೆ ಉಸಿರು ಕಟ್ಟಬಾರದು?

ಕಡಲ ಮಟ್ಟದಲ್ಲಿ ವಾಯುಮಂಡಲವು ನಮ್ಮನ್ನು ಒತ್ತುವ ಬಲವನ್ನು ಒಂದು ವಾಯುಭಾರವೆನ್ನೋಣ. ಸಮುದ್ರದಲ್ಲಿ ಪ್ರತಿ 10 ಮೀಟರು ಇಳಿದಂತೆಲ್ಲ ಇದಕ್ಕೆ ಇನ್ನೊಂದು ವಾಯುಭಾರ ಸೇರುತ್ತದೆ. 10 ಮೀಟರಿನಲ್ಲಿ ಎರಡು, 20 ಮೀಟರಿನಲ್ಲಿ ಮೂರು, 30 ಮೀಟರಿನಲ್ಲಿ ನಾಲ್ಕು. ಉಷ್ಣತೆ ಒಂದೇ ಆಗಿದ್ದರೆ, ಒತ್ತಡವು ಎರಡರಷ್ಟಾದಾಗ ಗಾಳಿಯ ಗಾತ್ರವು ಅರ್ಧವಾಗುತ್ತದೆಂದೂ, ಒತ್ತಡವು ಅರ್ಧವಾದಾಗ ಗಾತ್ರವು ಇಮ್ಮಡಿಯಾಗುತ್ತದೆಂದೂ ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದನು. ಶಾಲೆಯಲ್ಲಿ ನಾವೆಲ್ಲರೂ ಬಾಯಿಪಾಠ ಮಾಡಿ ಮರೆತ ನಿಯಮ ಇದು.

ತುಂಗೆಯಲ್ಲಿ ಮುಳುಗುವ ಹುಡುಗನನ್ನು ನೋಡಿ. ಅವನು ಎದೆಯಲ್ಲಿ ತುಂಬಿಕೊಂಡು ಹೋಗುವುದು ದಡದ ಗಾಳಿ. ತಳದಲ್ಲಿ ಅದು ಕುಗ್ಗುತ್ತದೆ. ಮೇಲೆ ಬಂದಾಗ ಮೊದಲಿನ ಗಾತ್ರಕ್ಕೆ ಮರಳುತ್ತದೆ. ಎಷ್ಟು ಬಿಗಿಯಾಗಿ ಹಿಡಿದರೂ ಅವನ ಎದೆ ಒಡೆಯುವಂತಿಲ್ಲ. ಕಲ್ಲಿನ ಭಾರದಿಂದ ಮುತ್ತಿಗಾಗಿ ಮನ್ನಾರ್ ಕೊಲ್ಲಿಯಲ್ಲಿ ಮುಳುಗುತ್ತಿದ್ದವರ ಲೆಕ್ಕವೂ ಇದೇ. ಸಿಲಿಂಡರನ್ನು ಹೊತ್ತವನ ಲೆಕ್ಕವೇ ಬೇರೆ. ಅವನು ಆಳದಲ್ಲಿ ಸೇವಿಸುವುದು ಆಳದ ಗಾಳಿ. ಎಂಟು ಮೀಟರಿನಲ್ಲಿ, ಅಂದರೆ 1.8 ವಾಯುಭಾರದಲ್ಲಿ, ಅವನು ಐದು ಲೀಟರ್ ಗಾಳಿಯನ್ನೆಳೆದು ಉಸಿರು ಕಟ್ಟಿ ಮೇಲೇರಿದನೆನ್ನಿ. ನೀರಿನ ಮೇಲ್ಮೈಯಲ್ಲಿ ಆ ಐದು ಲೀಟರ್ ಒಂಬತ್ತು ಲೀಟರ್ ಆಗಬಯಸುತ್ತದೆ. ಎದೆಯಲ್ಲಿ ಅಷ್ಟು ಸ್ಥಳವೆಲ್ಲಿ? ಶ್ವಾಸಕೋಶದ ನವುರಾದ ಗಾಳಿಗೂಡುಗಳು ಹರಿದು ಗಾಳಿಯು ರಕ್ತನಾಳಗಳಿಗೆ ನುಗ್ಗುತ್ತದೆ. ಒಂದು ಗುಳ್ಳೆಯು ಮಿದುಳಿಗೆ ಹೋಗುವ ನಾಳದಲ್ಲಿ ಅಡ್ಡವಾಗಿ ನಿಂತರೆ ಪ್ರಾಣಕ್ಕೇ ಸಂಚಕಾರ. ಇದಕ್ಕೆ ಮಹಾ ಆಳವೇನೂ ಬೇಕಾಗಿಲ್ಲ. ಮನುಷ್ಯನ ಎತ್ತರಕ್ಕಿಂತ ಕಡಿಮೆ ನೀರಿನಿಂದಲೂ, ಎದೆ ತುಂಬ ಗಾಳಿಯನ್ನು ಬಿಗಿಹಿಡಿದು ಮೇಲೆದ್ದವರಿಗೆ ಈ ವಿಪತ್ತು ಸಂಭವಿಸಿರುವುದುಂಟು. ಬಿಡುತ್ತ ತೆಗೆದುಕೊಳ್ಳುತ್ತ ಬಂದರೆ ಮಾತ್ರ ಹೆಚ್ಚಾದ ಗಾಳಿ ತಾನಾಗಿ ಹೊರಬೀಳುತ್ತದೆ.

ಶಿಕ್ಷಕನು ಇದನ್ನೆಲ್ಲ ಮರಳಿನ ಮೇಲೆ ಬೆರಳಿನಿಂದ ಚಿತ್ರ ಬರೆದು ವಿವರಿಸಿದನು. ಕೊನೆಗೆ ಎಲ್ಲವನ್ನೂ ಅಳಿಸಿ, “ಇಷ್ಟನ್ನೂ ಮರೆತರೆ ಚಿಂತೆಯಿಲ್ಲ ಸಾರ್. ಉಸಿರಾಡುತ್ತ ಇರಿ. ಅಷ್ಟೇ ನೆನಪಿರಲಿ” ಎಂದನು. ನಾವೂ ಬಹಳ ಸುಲಭವಾಗಿ ಒಪ್ಪಿಕೊಂಡೆವು.

ಇಳಿತ

ಬಿಗಿಯಾದ ರಬ್ಬರಿನ ಉಡುಪು, ಕಣ್ಣು ಮೂಗುಗಳನ್ನು ಮುಚ್ಚುವ ಗಾಜಿನ ಮುಖವಾಡ, ಬಾತುಕೋಳಿಯ ಪಾದದಂತಹ ಪಾದರಕ್ಷೆ, ಸೊಂಟದಲ್ಲಿ ಸೀಸದ ಗುಂಡುಗಳ ಪಟ್ಟಿ. ಈ ವೇಷದಲ್ಲಿ ನಾವು ದಡದಿಂದ ನೀರಿಗಿಳಿದಾಗ ಮಿತ್ರರು ಕೈ ಬೀಸಿದರು. ನೀರಿನ ಉಷ್ಣತೆ 28 ಡಿಗ್ರಿ ಸೆಂಟಿಗ್ರೇಡಿನಷ್ಟಿದ್ದಿತು. ಆದರೂ ಉಡುಪು ಏಕೆಂದರೆ, ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖವನ್ನು ಸೆಳೆಯುತ್ತದೆ.

ಎದೆಮಟ್ಟದ ನೀರಿನಲ್ಲಿ ಮೊದಲ ಅಭ್ಯಾಸ. ಮುಖವನ್ನು ನೀರಿನಲ್ಲಿ ಅದ್ದಿ ಬಾಯಿಂದ ಉಸಿರೆಳೆಯಬೇಕು. ಬುದ್ಧಿಯು ಎಳೆಯೆಂದು ಹೇಳುತ್ತದೆ, ದೇಹವು ಕೇಳುವುದಿಲ್ಲ. ಮುಖಕ್ಕೆ ನೀರು ತಗಲಿದೊಡನೆ ಗಂಟಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಮೂರನೆಯ ಸಲ ಹೇಗೋ ಗಾಳಿ ಬಂದಿತು. ಆಮೇಲೆ ಕೈಸನ್ನೆಗಳ ಪಾಠ. ಹೆಬ್ಬೆರಳು ತೋರುಬೆರಳುಗಳನ್ನು ಚಿನ್ಮುದ್ರೆಯಂತೆ ಸೇರಿಸಿದರೆ ಎಲ್ಲವೂ ಸರಿಯಾಗಿದೆಯೆಂದು ಅರ್ಥ. ಹೆಬ್ಬೆರಳನ್ನು ಮೇಲೆತ್ತಿದರೆ ‘ಭೇಷ್’ ಎಂದಲ್ಲ, ‘ಮೇಲಕ್ಕೆ ಹೋಗೋಣ’ ಎಂದು! ಮುಖವಾಡಕ್ಕೆ ನೀರು ನುಗ್ಗಿದರೆ ಅದರ ಮೇಲಂಚನ್ನು ಹಣೆಗೊತ್ತಿ, ಮೂಗಿನಿಂದ ಜೋರಾಗಿ ಉಸಿರು ಬಿಟ್ಟು ನೀರನ್ನು ಹೊರದೂಡುವುದನ್ನೂ ಕಲಿಸಿದನು. ಇದಿಷ್ಟಾದ ಮೇಲೆ, ನಮ್ಮ ಬೆನ್ನಿನ ಪಟ್ಟಿಯನ್ನು ಹಿಡಿದುಕೊಂಡೇ ನಿಧಾನವಾಗಿ ಕೆಳಕ್ಕೆ ಕರೆದೊಯ್ದನು.

ಎರಡು ಮೀಟರು ಇಳಿಯುವಷ್ಟರಲ್ಲಿ ಎರಡೂ ಕಿವಿಗಳಲ್ಲಿ ಸೂಜಿ ಚುಚ್ಚಿದಂತಾಯಿತು. ಆಗುಂಬೆಯ ಘಟ್ಟವನ್ನು ಬಸ್ಸಿನಲ್ಲಿ ಇಳಿದವರಿಗೆ ಕಿವಿ ಕಟ್ಟುವ ಅನುಭವವಿರುತ್ತದೆ. ಅಲ್ಲಿ ಐನೂರು ಮೀಟರು ಇಳಿದರೆ ಒತ್ತಡದಲ್ಲಿ ಆಗುವ ಹೆಚ್ಚಳವು ಇಲ್ಲಿ ಒಂದು ಮೀಟರಿಗೂ ಕಡಿಮೆ ನೀರಿನಲ್ಲಿ ಆಗಿಬಿಡುತ್ತದೆ. ಹೊರಗಿನ ನೀರು ಕಿವಿಯ ತಮಟೆಯನ್ನು ಒಳಕ್ಕೆ ತಳ್ಳುತ್ತದೆ. ನಡುಗಿವಿಗೂ ಗಂಟಲಿಗೂ ನಡುವೆ ಇರುವ ಸಣ್ಣ ನಾಳವು ತೆರೆದು ಗಾಳಿಯನ್ನು ಒಳಬಿಟ್ಟರೆ ಎರಡು ಕಡೆಯ ಒತ್ತಡವೂ ಸಮನಾಗುತ್ತದೆ. ಶಿಕ್ಷಕನು ನಮ್ಮನ್ನು ಎರಡಡಿ ಮೇಲಕ್ಕೆತ್ತಿ ಸನ್ನೆ ಮಾಡಿದನು. ನಾವು ಮೂಗನ್ನು ಹಿಡಿದು ಮೆಲ್ಲಗೆ ಊದಿದೆವು. ‘ಟಿಕ್’ ಎಂದು ಸದ್ದಾಗಿ ನೋವು ಮಾಯವಾಯಿತು. ಇಟಲಿಯ ಅಂಗರಚನಾಶಾಸ್ತ್ರಜ್ಞ ವಾಲ್ಸಾಲ್ವನ ಹೆಸರಿನಿಂದ ಈ ಉಪಾಯವು ಪ್ರಸಿದ್ಧವಾಗಿದೆ. ನೆಗಡಿಯಿಂದ ಆ ನಾಳ ಕಟ್ಟಿದ್ದರೆ ಉಪಾಯ ನಡೆಯದು. ಕಾಗದದಲ್ಲಿ ನೆಗಡಿಯ ಪ್ರಶ್ನೆ ಏಕಿತ್ತೆಂಬುದು ಆಗ ಅರ್ಥವಾಯಿತು.

ಹವಳದ ಊರು

ಎಂಟು ಮೀಟರಿನ ಆಳದಲ್ಲಿ ಮರಳಿನ ಮೇಲೆ ಮೊಣಕಾಲೂರಿ ನಿಂತು ನಾವು ಸುತ್ತಲೂ ನೋಡಿದೆವು. ಮುಖವಾಡದೊಳಗಿನ ಗಾಳಿಯಿಂದ ನೀರನ್ನು ನೋಡುವಾಗ ಬೆಳಕಿನ ಕಿರಣ ಬಾಗುವುದರಿಂದ, ವಸ್ತುಗಳು ಮೂರರಲ್ಲೊಂದು ಪಾಲು ದೊಡ್ಡವಾಗಿಯೂ ನಾಲ್ಕರಲ್ಲೊಂದು ಪಾಲು ಹತ್ತಿರವಾಗಿಯೂ ಕಾಣುತ್ತವೆ. ಮುಟ್ಟಲು ಚಾಚಿದ ಕೈ ಶೂನ್ಯವನ್ನು ಹಿಡಿಯುತ್ತದೆ. ನೀರು ಕೆಂಪು ಬೆಳಕನ್ನು ಎಲ್ಲಕ್ಕಿಂತ ಮೊದಲು ಹೀರಿಬಿಡುವುದರಿಂದ, ನಮ್ಮ ಮಣಿಕಟ್ಟಿನ ಕೆಂಪು ದಾರವು ಮಾಸಿ ಕಂದಾಗಿತ್ತು. ಶಬ್ದವು ಗಾಳಿಯಲ್ಲಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗದಲ್ಲಿ ಎರಡು ಕಿವಿಗಳನ್ನೂ ಸೇರುವುದರಿಂದ, ಅದು ಯಾವ ದಿಕ್ಕಿನಿಂದ ಬಂದಿತೆಂಬುದು ತಿಳಿಯುವುದಿಲ್ಲ. ಎಲ್ಲ ಕಡೆಯಿಂದಲೂ ಸಣ್ಣಗೆ ಚಿಟಪಟವೆಂಬ ಸದ್ದು. ಅದರ ಮೇಲೆ ನಮ್ಮ ಉಸಿರಿನ ಸದ್ದು: ಎಳೆದಾಗ ಹಾವು ಬುಸುಗುಟ್ಟಿದಂತೆ, ಬಿಟ್ಟಾಗ ಮಡಕೆಯಲ್ಲಿ ನೀರು ಕುದಿದಂತೆ.

ಎದುರಿಗೆ ಹವಳದ ದಿಬ್ಬಗಳು. ಜಿಂಕೆಯ ಕೊಂಬಿನಂತೆ ಕವಲೊಡೆದವು ಕೆಲವು, ಮಿದುಳಿನಂತೆ ಸುಕ್ಕುಗಟ್ಟಿದವು ಕೆಲವು, ಅಗಲವಾದ ತಟ್ಟೆಗಳಂತಹವು ಕೆಲವು. ಕಲ್ಲೆಂದು ತೋರಿದರೂ ಇದು ಪ್ರಾಣಿಗಳ ಊರು. ಒಂದೊಂದು ದಿಬ್ಬದಲ್ಲಿಯೂ ಪಾಲಿಪ್ ಎಂಬ ಪುಟ್ಟ ಪ್ರಾಣಿಗಳು ಸಾವಿರಗಟ್ಟಲೆ ಇರುತ್ತವೆ. ಅವು ಸಮುದ್ರದ ನೀರಿನಿಂದ ಸುಣ್ಣವನ್ನು ತೆಗೆದು ತಮ್ಮ ಕೆಳಗೆ ಗೂಡು ಕಟ್ಟುತ್ತ ಹೋಗುತ್ತವೆ. ಅವುಗಳ ಒಡಲಿನೊಳಗೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಪಾಚಿ ವಾಸಿಸುತ್ತದೆ. ಪಾಚಿಯು ಬಿಸಿಲಿನಿಂದ ಆಹಾರವನ್ನು ತಯಾರಿಸಿ ಅದರ ಬಹುಭಾಗವನ್ನು ಮನೆಯೊಡೆಯನಿಗೆ ಕೊಡುತ್ತದೆ. ಹವಳದ ಬಣ್ಣವೂ ಬಹುಮಟ್ಟಿಗೆ ಅದರದೇ.

ಈ ಒಕ್ಕಲುತನ ಬಲು ನಾಜೂಕು. ಬೇಸಗೆಯ ವಾಡಿಕೆಯ ಉಷ್ಣತೆಗಿಂತ ನೀರು ಒಂದೇ ಡಿಗ್ರಿ ಹೆಚ್ಚು ಬಿಸಿಯಾಗಿ ಕೆಲವು ವಾರಗಳು ಹಾಗೆಯೇ ಇದ್ದರೆ, ಹವಳವು ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ. ನೀರು ಬೇಗ ತಣಿದರೆ ಚೇತರಿಸಿಕೊಳ್ಳಬಹುದು. ಇಲ್ಲವಾದರೆ ಹಸಿವಿನಿಂದ ಸಾಯುತ್ತದೆ. 2010ರಲ್ಲಿಯೂ 2016ರಲ್ಲಿಯೂ ಅಂಡಮಾನಿನ ಹವಳಗಳಿಗೆ ಈ ಆಪತ್ತು ಬಂದೊದಗಿತು. ನಾವು ಕಂಡ ದಿಬ್ಬಗಳ ನಡುವೆಯೂ, ಮುರಿದು ಬೂದುಬಣ್ಣಕ್ಕೆ ತಿರುಗಿದ ಕೊಂಬುಗಳ ರಾಶಿಗಳಿದ್ದವು. ಅವುಗಳ ಮೇಲೆಯೇ ಅಲ್ಲಲ್ಲಿ ಅಂಗೈಯಗಲದ ಹೊಸ ಹವಳಗಳು ಚಿಗುರಿದ್ದವು. ಒಂದು ಗಿಳಿಮೀನು ತನ್ನ ಕೊಕ್ಕಿನಂತಹ ಬಾಯಿಂದ ಸತ್ತ ಹವಳವನ್ನು ಕೆರೆದು ಪಾಚಿಯನ್ನು ತಿನ್ನುತ್ತಿತ್ತು. ಜೊತೆಗೆ ನುಂಗಿದ ಸುಣ್ಣವನ್ನು ಅದು ನುಣ್ಣನೆಯ ಮರಳಾಗಿ ಹಿಂದಕ್ಕೆ ಬಿಡುತ್ತದೆ. ದಡದಲ್ಲಿ ನಾವು ಮೆಚ್ಚಿದ ಬಿಳಿಯ ಮರಳಿನಲ್ಲಿ ಇಂತಹ ಮೀನುಗಳ ಪಾಲೂ ಇದೆ.

ಒಂದು ಕಡಲಹೂವಿನ ಎಸಳುಗಳ ನಡುವೆ ಕಿತ್ತಳೆ ಬಣ್ಣದ, ಬಿಳಿಯ ಪಟ್ಟೆಗಳ ಪುಟ್ಟ ಮೀನೊಂದಿತ್ತು. ಹೂವೆಂಬ ಹೆಸರಿದ್ದರೂ ಅದು ಕುಟುಕುವ ಪ್ರಾಣಿ; ಈ ಮೀನನ್ನು ಮಾತ್ರ ಅದು ಕುಟುಕುವುದಿಲ್ಲ. ಬೆರಳುದ್ದದ ಆ ಮೀನು ನಮ್ಮ ಮುಖದ ಎದುರಿಗೇ ಬಂದು, ತನ್ನ ಮನೆಯನ್ನು ಕಾಯುತ್ತ ಗದರಿಸಿತು. ಅದರ ಧೈರ್ಯವನ್ನು ಕಂಡು ನಾವು ನಕ್ಕೆವು.

ಆ ನಗೆಯೇ ತಪ್ಪಾಯಿತು.

ಒಂದು ಕ್ಷಣ

ನಕ್ಕಾಗ ಕೆನ್ನೆಯಲ್ಲಿ ಸುಕ್ಕು ಬೀಳುತ್ತದೆ. ಸುಕ್ಕಿನ ಸಂದಿನಿಂದ ನೀರು ಮುಖವಾಡದೊಳಕ್ಕೆ ನುಗ್ಗುತ್ತದೆ. ಒಮ್ಮೆಗೇ ಕಣ್ಣು ಉರಿದು ಏನೂ ಕಾಣದಾಯಿತು. ಮೂಗಿಗೆ ಉಪ್ಪುನೀರು ಏರಿತು. ದಡದಲ್ಲಿ ಕಲಿತ ಪಾಠಗಳೆಲ್ಲ ಎಲ್ಲಿ ಹೋದವೋ ತಿಳಿಯದು. ನಲವತ್ತು ವರ್ಷಗಳಿಂದ ಮೈಯಲ್ಲಿ ಅಡಗಿದ್ದ ತುಂಗೆಯ ಹುಡುಗನು ಎದ್ದು ಕುಳಿತನು. ಎದೆ ತುಂಬ ಇದ್ದ ಗಾಳಿಯನ್ನು ಬಿಗಿಹಿಡಿದು, ನೆಲವನ್ನು ಒದ್ದು, ನಾವು ಮೇಲಕ್ಕೆ ಚಿಮ್ಮಿದೆವು.

ಒಂದು ಮೀಟರು ಏರುವಷ್ಟರಲ್ಲಿ ಯಾರೋ ಬೆನ್ನಿನ ಪಟ್ಟಿಯನ್ನು ಹಿಡಿದು ಜಗ್ಗಿ ನಿಲ್ಲಿಸಿದರು. ಮಂಜಾದ ಗಾಜಿನ ಮೂಲಕ ಶಿಕ್ಷಕನ ಮುಖ ಹತ್ತಿರದಲ್ಲಿಯೇ ಕಂಡಿತು. ಅವನು ನಮ್ಮ ಎದೆಯ ಮೇಲೆ ಅಂಗೈಯನ್ನಿಟ್ಟು, ಇನ್ನೊಂದು ಕೈಯಿಂದ ತನ್ನ ಬಾಯಿಂದ ಹೊರಡುತ್ತಿದ್ದ ಗುಳ್ಳೆಗಳನ್ನು ತೋರಿಸಿದನು. ಅವು ಕೆಳಗೆ ಗುಂಡಿಯಷ್ಟು ಚಿಕ್ಕವಾಗಿದ್ದು ಮೇಲೇರಿದಂತೆ ಅಣಬೆಯ ಕೊಡೆಗಳಂತೆ ಹಿಗ್ಗುತ್ತಿದ್ದವು. ಬಾಯ್ಲನ ನಿಯಮವನ್ನು ಅಷ್ಟು ಸ್ಪಷ್ಟವಾಗಿ ಯಾವ ಪ್ರಯೋಗಶಾಲೆಯಲ್ಲಿಯೂ ನಾವು ಕಂಡಿರಲಿಲ್ಲ. ನಮ್ಮ ಎದೆಯೊಳಗಿನ ಗಾಳಿಯೂ ಹೀಗೆಯೇ ಹಿಗ್ಗಲು ಹವಣಿಸುತ್ತಿದೆಯಲ್ಲವೆ! ನಾವು ಬಾಯಿ ಸಡಿಲಿಸಿ ಉಸಿರು ಬಿಟ್ಟೆವು. ಗುಳ್ಳೆಗಳು ಭೋರೆಂದು ಹೊರಟವು. ಮತ್ತೆ ಎಳೆದೆವು, ಗಾಳಿ ಬಂದಿತು. ಹಣೆಯ ಮೇಲೆ ಮುಖವಾಡವನ್ನೊತ್ತಿ ಮೂಗಿನಿಂದ ಊದಿದೆವು. ನೀರು ಹೊರಗೆ ಹೋಗಿ ಲೋಕ ಮತ್ತೆ ಕಾಣಿಸಿಕೊಂಡಿತು. ಶಿಕ್ಷಕನು ಚಿನ್ಮುದ್ರೆಯನ್ನು ತೋರಿಸಿ ಪ್ರಶ್ನಿಸಿದನು. ನಾವೂ ನಡುಗುವ ಬೆರಳುಗಳಿಂದ ಅದನ್ನೇ ತೋರಿಸಿದೆವು.

ಅನಂತರದ ಹತ್ತು ನಿಮಿಷಗಳಲ್ಲಿ ನಾವು ಯಾವ ಮೀನುಗಳನ್ನು ನೋಡಿದೆವೋ ಸರಿಯಾಗಿ ನೆನಪಿಲ್ಲ. ನಾವು ಉಸಿರಾಟವನ್ನೇ ಕೇಳುತ್ತಿದ್ದೆವು. ಆಗ ತೆಂಗಿನ ಮರದಡಿಯಲ್ಲಿ ಕುಳಿತ ಮಿತ್ರರ ನೆನಪಾಗಿ ಮೈ ತಣ್ಣಗಾಯಿತು. ಉಬ್ಬಸದವರ ಶ್ವಾಸನಾಳಗಳು ಕೆರಳಿದಾಗ ಕಿರಿದಾಗುತ್ತವೆ. ಗಾಳಿ ಒಳಗೆ ಹೋಗುವುದಕ್ಕಿಂತ ಹೊರಗೆ ಬರುವುದೇ ಕಷ್ಟ. ಸಿಲಿಂಡರಿನ ಒಣಗಾಳಿ, ತಣ್ಣನೆಯ ಉಪ್ಪುನೀರಿನ ಹನಿ, ಆಯಾಸ, ಅಂಜಿಕೆ, ಇವೆಲ್ಲವೂ ಅದನ್ನು ಕೆರಳಿಸಬಲ್ಲವು. ನಾವು ಬುದ್ಧಿಗೆಟ್ಟು ಉಸಿರು ಕಟ್ಟಿದೆವು. ಬಾಯಿ ಸಡಿಲಿಸಿದೊಡನೆ ಪಾರಾದೆವು. ಅವರು ಉಸಿರು ಬಿಡಬೇಕೆಂದು ಎಷ್ಟು ಬಯಸಿದರೂ, ಒಳಗೆ ಸಿಕ್ಕಿಬಿದ್ದ ಗಾಳಿ ಹೊರಬಾರದೆ ಅಲ್ಲಿಯೇ ಹಿಗ್ಗುತ್ತಿತ್ತು. ‘ಇಲ್ಲ ಎಂದು ಬರೆದುಬಿಡು’ ಎಂದು ಅವರಿಗೆ ಹೇಳಿಕೊಟ್ಟವರು ನಾವೇ!

ಮತ್ತೆ ದಡದಲ್ಲಿ

ಪುಟ್ಟ ಗುಳ್ಳೆಗಳಿಗಿಂತಲೂ ನಿಧಾನವಾಗಿ ನಾವು ಮೇಲಕ್ಕೆ ಬಂದೆವು. ದಡದಲ್ಲಿ ಮಿತ್ರರು ಕೈಗಡಿಯಾರವನ್ನು ನೋಡಿ, “ಮೂವತ್ತೊಂದು ನಿಮಿಷ. ತುಂಗೆಯಲ್ಲಿ ನಿನ್ನದು ಒಂದು ಸಲವೂ ಎಪ್ಪತ್ತು ದಾಟಿರಲಿಲ್ಲ” ಎಂದರು. ಹಳೆಯ ಕೆಲಸವನ್ನು ಅವರು ಬಿಟ್ಟಿರಲಿಲ್ಲ.

ನಾವು ನಡೆದುದನ್ನೆಲ್ಲ ಮುಚ್ಚಿಡದೆ ಹೇಳಿದೆವು. ಕೊಟ್ಟ ದುರ್ಬುದ್ಧಿಗೆ ಕ್ಷಮೆಯನ್ನೂ ಕೇಳಿದೆವು. ಅವರು ಅದಕ್ಕೆ ಉತ್ತರ ಕೊಡಲಿಲ್ಲ. “ಅದಿರಲಿ, ಕೆಳಗೆ ಎಲ್ಲಕ್ಕಿಂತ ವಿಶೇಷವಾದದ್ದು ಏನು ಕಂಡೆ?” ಎಂದರು.

“ಕಂಡದ್ದಕ್ಕಿಂತ ಕೇಳಿದ್ದೇ ಹೆಚ್ಚು. ಒಂದೊಂದು ಉಸಿರೂ ಬಂದದ್ದು, ಹೋದದ್ದು ಕೇಳುತ್ತಿತ್ತು. ಹುಟ್ಟಿದಂದಿನಿಂದ ಹೀಗೆ ಕೇಳಿರಲಿಲ್ಲ.”

ಅವರು ಬಹಳ ಹೊತ್ತು ನಕ್ಕರು. “ಅದನ್ನು ನಾನು ಐವತ್ತು ವರ್ಷದಿಂದ ರಾತ್ರಿಯೆಲ್ಲ ಕೇಳುತ್ತಿದ್ದೇನಲ್ಲ, ಮಾರಾಯ! ಅದಕ್ಕೆ ಸಮುದ್ರಕ್ಕೆ ಇಳಿಯಬೇಕಾಗಿರಲಿಲ್ಲ” ಎಂದರು.

ಮರುದಿನ ಇಬ್ಬರೂ ಅದೇ ದ್ವೀಪದ ಎಲಿಫೆಂಟ್ ಬೀಚ್ ಎಂಬಲ್ಲಿಗೆ ಹೋಗಿ, ತಳಕ್ಕೆ ಗಾಜು ಕೂರಿಸಿದ ದೋಣಿಯಲ್ಲಿ ಕುಳಿತೆವು. ಮಿತ್ರರು ಗಾಜಿನ ಮೇಲೆ ಬಾಗಿ, ಪುಸ್ತಕದಲ್ಲಿ ಓದಿದ್ದ ಹವಳಗಳನ್ನೆಲ್ಲ ಒಂದೊಂದಾಗಿ ಗುರುತಿಸಿ ಹೆಸರು ಹೇಳುತ್ತಿದ್ದರು. ಕೆಳಗೆ ಹೋಗಿ ಬಂದ ನಮಗೆ ಅವುಗಳಲ್ಲಿ ಅರ್ಧದ ಹೆಸರೂ ತಿಳಿದಿರಲಿಲ್ಲ.

ಈ ಅನುಭವವನ್ನು ಬಯಸುವ ವಾಚಕರು ಅಂಡಮಾನಿಗೇ ಹೋಗಬೇಕೆಂದಿಲ್ಲ; ನಮ್ಮ ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತಲೂ ಶಿಕ್ಷಕರ ಜೊತೆಯಲ್ಲಿ ಮುಳುಗುವ ಅನುಕೂಲವುಂಟು. ಎಲ್ಲಿಯೇ ಆಗಲಿ, ಮೊದಲ ಸಲ ಇಳಿಯುವವರು 12 ಮೀಟರಿಗಿಂತ ಆಳಕ್ಕೆ ಹೋಗಬಾರದು, ಶಿಕ್ಷಕನನ್ನು ಬಿಟ್ಟಗಲಬಾರದು, ಹವಳವನ್ನು ಮುಟ್ಟಬಾರದು. ಒತ್ತಡದಲ್ಲಿ ರಕ್ತಕ್ಕೆ ಸೇರಿದ ಸಾರಜನಕವು ದೇಹದಿಂದ ಹೊರಹೋಗಲು ಕಾಲ ಹಿಡಿಯುವುದರಿಂದ, ಒಂದೇ ಸಲ ಮುಳುಗಿದವರು ಕನಿಷ್ಠ 12 ಗಂಟೆ, ಹಲವು ಸಲ ಮುಳುಗಿದವರು 18 ಗಂಟೆ ವಿಮಾನವನ್ನು ಏರಬಾರದು. ಎಲ್ಲಕ್ಕಿಂತ ಮೊದಲು, ಕೈಗೆ ಕೊಟ್ಟ ಪ್ರಶ್ನಾವಳಿಗೆ ನಿಜವನ್ನೇ ಬರೆಯಬೇಕು. ಪಕ್ಕದಲ್ಲಿ ಕುಳಿತ ಸ್ನೇಹಿತರು ಬೇರೆ ಏನಾದರೂ ಹೇಳಿಕೊಟ್ಟರೆ ಅವರ ಮಾತನ್ನು ಕೇಳಬಾರದು.